ಯಾವ ಹುಂಜ ಗೆದ್ದರೂ ಹನ್ನೆರಡು: ಗಣಿತಜ್ಞ ಮಹಾವೀರಾಚಾರ್ಯರು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಗೆಳೆಯರಿಗೆ ಚೌಕಾಬಾರ ಹೊಸದೇನಲ್ಲ. ನಾಲ್ಕು ಕವಡೆ ಎಸೆದಾಗ ಸರಿಯಾಗಿ ಎರಡು ಬಾಯಿ ಮೇಲಾಗಿ ಬೀಳೋಕೆ ಎಷ್ಟು ದಾರಿ? ಆರು. ಇಂಥ ಲೆಕ್ಕವನ್ನು ಒಂದೊಂದಾಗಿ ಎಣಿಸದೆ ಮಾಡೋ ಸಾಮಾನ್ಯ ಸೂತ್ರವನ್ನು ಮೊದಲು ಬರೆದಿಟ್ಟವರು ನಮ್ಮ ನಾಡಿನ ಮಹಾವೀರಾಚಾರ್ಯರು ಅಂತ ಗಣಿತದ ಚರಿತ್ರೆ ಹೇಳುತ್ತೆ.

ಅದು ಕ್ರಿ.ಶ. 850ರ ಆಸುಪಾಸು. ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ. ಕನ್ನಡದ 'ಕವಿರಾಜಮಾರ್ಗ' ಹುಟ್ಟಿದ್ದೂ ಆಗಲೇ. ಜೈನರಾದ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದು, ಅದರ ಆರಂಭದಲ್ಲೇ ಆ ದೊರೆಯನ್ನು ಹೊಗಳಿದರು. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತ ಖಗೋಳಶಾಸ್ತ್ರದ ಜೊತೆ ಬರುತ್ತೆ. ಇವರು ಸಾವಿರಕ್ಕೂ ಹೆಚ್ಚು ಶ್ಲೋಕಗಳನ್ನು ಬರೀ ಗಣಿತಕ್ಕೇ ಮೀಸಲಿಟ್ಟರು. ಬಡ್ಡಿ, ಚಿನ್ನ, ಹೊಂಡದ ಅಳತೆ, ನೆರಳು ಎಲ್ಲವೂ ಅಲ್ಲಿವೆ. ಋಣ ಸಂಖ್ಯೆಗೆ ವರ್ಗಮೂಲ ಇಲ್ಲ ಅಂತಲೂ ಹೇಳಿದರು.

ಆರು ರುಚಿಗಳನ್ನು ಎಷ್ಟು ರೀತಿ ಬೆರೆಸಬಹುದು ಅಂತ ಕೇಳಿ ಅವರು ಕಲಿಸಿದ ಸೂತ್ರವೇ ನಾವು ಪಿಯುಸಿಯಲ್ಲಿ ಓದಿದ ಎನ್‌ಸಿಆರ್. ಅದನ್ನೇ ಪೋಕರ್‌ಗೆ ಹಾಕಿ ನೋಡಿ. 52 ಎಲೆಗಳಲ್ಲಿ ಮೊದಲ ಎರಡು ಕೈಗೆ ಬರೋ ರೀತಿಗಳು 52×51÷2, ಅಂದರೆ 1326. ಎರಡೂ ಎಕ್ಕ ಆಗೋದು ಅದರಲ್ಲಿ 6 ಮಾತ್ರ, 221ಕ್ಕೆ ಒಂದು ಸಲ. ಒಂದು ರೂಪಾಯಿ ಕಟ್ಟಿಸಿಕೊಂಡು, ಎರಡು ಎಕ್ಕ ಬಂದರೆ 200 ಕೊಡ್ತೀನಿ ಅಂತ ಯಾರಾದ್ರೂ ಅಂದರೆ, ಸರಾಸರಿ ವಾಪಸ್ ಬರೋದು 200÷221, ಸುಮಾರು ತೊಂಬತ್ತು ಪೈಸೆ. ಇದೇ ನಿರೀಕ್ಷಿತ ಮೌಲ್ಯ. ಈ ಕಲ್ಪನೆಯನ್ನು ಯೂರೋಪಿನಲ್ಲಿ ಹೈಗೆನ್ಸ್ 1657ರಲ್ಲಿ ಪುಸ್ತಕವಾಗಿ ತಂದರು.

ಮಹಾವೀರಾಚಾರ್ಯರು ಸಂಭವನೀಯತೆ ಬರೆಯಲಿಲ್ಲ. ಆದರೆ ಜೂಜಿನ ಒಳಗುಟ್ಟು ಅವರಿಗೆ ಗೊತ್ತಿತ್ತು. ಅವರ ಒಂದು ಲೆಕ್ಕದಲ್ಲಿ ಕೋಳಿ ಅಂಕ ನಡೀತಿದೆ. ಒಬ್ಬ ಚಾಲಾಕಿ ಇಬ್ಬರು ಹುಂಜದ ಒಡೆಯರ ಜೊತೆಗೂ ಗುಟ್ಟಾಗಿ ಒಪ್ಪಂದ ಮಾಡ್ಕೋತಾನೆ. ಗೆದ್ದವನು ತನ್ನ ಪಣದ ಹಣವನ್ನು ಇವನಿಗೆ ಕೊಡಬೇಕು. ಸೋತರೆ ಇವನೇ ಮೊದಲನೆಯವನಿಗೆ ಅವನ ಪಣದ ಮೂರನೇ ಎರಡು ಭಾಗ, ಎರಡನೆಯವನಿಗೆ ನಾಲ್ಕನೇ ಮೂರು ಭಾಗ ಕೊಡ್ತಾನೆ. ಯಾರು ಗೆದ್ದರೂ ಇವನಿಗೆ 12 ಹೊನ್ನು ಲಾಭ ಬರಬೇಕಾದರೆ ಪಣ ಎಷ್ಟೆಷ್ಟು? ಉತ್ತರ 42 ಮತ್ತು 40. ಮೊದಲನೆಯವನು ಗೆದ್ದರೆ 42ರಲ್ಲಿ 30 ಕಳೆದು 12. ಎರಡನೆಯವನು ಗೆದ್ದರೆ 40ರಲ್ಲಿ 28 ಕಳೆದು ಮತ್ತೆ 12.

ಜೈನ ಧರ್ಮದಲ್ಲಿ ಜೂಜು ಸಪ್ತ ವ್ಯಸನಗಳಲ್ಲೊಂದು. ಆದರೂ ಆಚಾರ್ಯರು ಈ ಲೆಕ್ಕದಲ್ಲಿ ಉಪದೇಶ ಮಾಡಲಿಲ್ಲ, ಸಮೀಕರಣ ಕೊಟ್ಟರು, ಅಷ್ಟೇ. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು.

ಹಾಸ್ಟೆಲ್ ರೂಮಿನಲ್ಲಿ ಎಲೆ ಹಂಚುವಾಗ ನಾವು ನಮ್ಮ ಎರಡು ಎಲೆಯನ್ನಷ್ಟೇ ನೋಡ್ತೀವಿ. ಅದಕ್ಕೂ ಮೊದಲು, ಯಾರು ಗೆದ್ದರೂ ಆ 12 ಹೊನ್ನು ಯಾರ ಜೇಬಿಗೆ ಹೋಗುತ್ತೆ ಅಂತ ಒಂದು ಸಲ ಲೆಕ್ಕ ಹಾಕೋಣ.