ಮೇರಿ ಕ್ಯೂರಿ: ನನ್ನ ಪಾಠಯೋಜನೆಯಲ್ಲಿ ಬಿಟ್ಟುಹೋದ ಭಾಗ

ಮೇಡ್ಲೇರಿಯಲ್ಲಿ ಅಭ್ಯಾಸ ಬೋಧನೆಯ ದಿನಗಳಲ್ಲಿ ಒಂಬತ್ತನೇ ತರಗತಿಗೆ ಮೇರಿ ಕ್ಯೂರಿಯವರ ಜೀವನದ ಪಾಠ ಸಿದ್ಧಪಡಿಸಿದ್ದೆ. ಪೀಠಿಕೆ, ಚಾರ್ಟು, ಎರಡು ನೊಬೆಲ್, ಮೌಲ್ಯಮಾಪನದ ಪ್ರಶ್ನೆಗಳು ಎಲ್ಲವೂ ಅಚ್ಚುಕಟ್ಟಾಗಿದ್ದವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಇಷ್ಟು ಜನರ ಕಾಯಿಲೆಗೆ ರೇಡಿಯಂ ಕೊಟ್ಟವರು ಯಾವ ಕಾಯಿಲೆಯಿಂದ ತೀರಿಕೊಂಡರು, ಅದಕ್ಕೆ ಔಷಧಿ ಇರಲಿಲ್ಲವೇ ಎಂದು ಕೇಳಿದಳು. ನನ್ನ ಪಾಠಯೋಜನೆಯಲ್ಲಿ 1934 ಎಂಬ ಇಸವಿಯಷ್ಟೇ ಇತ್ತು. ನಾಳೆ ಹೇಳುತ್ತೇನೆ ಎಂದು ಕುಳ್ಳಿರಿಸಿದೆ. ಆ ರಾತ್ರಿ ಓದಿಕೊಂಡು ಮರುದಿನ ಹೇಳಿದ್ದು ಇದು.

ಮೇರಿ ಹುಟ್ಟಿದ್ದು 1867ರ ನವೆಂಬರ್ 7ರಂದು, ವಾರ್ಸಾದಲ್ಲಿ. ಪೋಲೆಂಡಿನ ಆ ಭಾಗ ಆಗ ರಷ್ಯಾದ ಆಳ್ವಿಕೆಯಲ್ಲಿತ್ತು. ಶಾಲೆಯಲ್ಲಿ ಪೋಲಿಷ್ ಪಾಠಗಳು ಗುಟ್ಟಾಗಿ ನಡೆಯುತ್ತಿದ್ದವು. ತನಿಖಾಧಿಕಾರಿ ಬಂದ ಸುಳಿವು ಸಿಕ್ಕ ಕೂಡಲೇ ಪುಸ್ತಕಗಳನ್ನು ಬಚ್ಚಿಟ್ಟು, ರಷ್ಯನ್ ಚೆನ್ನಾಗಿ ಬರುತ್ತಿದ್ದ ಈ ಹುಡುಗಿಯನ್ನು ಎಬ್ಬಿಸಿ ಉತ್ತರ ಹೇಳಿಸುತ್ತಿದ್ದರಂತೆ. ವೀಕ್ಷಣೆಗೆ ಗುರುಗಳು ಬಂದಾಗ ಚುರುಕು ಮಕ್ಕಳನ್ನೇ ಎಬ್ಬಿಸುವ ನಮ್ಮ ರೂಢಿ ಹಳೆಯದೇ ಅನ್ನಿಸಿತು. ಹತ್ತು ವರ್ಷಕ್ಕೆ ತಾಯಿ ಕ್ಷಯದಿಂದ ಹೋದರು. ಮುಂದೆ ಅಕ್ಕನ ವೈದ್ಯಕೀಯ ಓದಿಗೆ ಹಣ ಹೊಂದಿಸಲು ಮೇರಿ ಹಳ್ಳಿಯೊಂದರ ಮನೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ಅಲ್ಲಿನ ರೈತರ ಮಕ್ಕಳಿಗೆ ಕದ್ದು ಅಕ್ಷರ ಕಲಿಸಿದರು. ಪ್ಯಾರಿಸ್ಸಿಗೆ ಹೋದದ್ದು 1891ರಲ್ಲಿ, ಇಪ್ಪತ್ತನಾಲ್ಕರ ಹೊಸ್ತಿಲಲ್ಲಿ.

ನಾವು ಬಿ.ಎಡ್. ಓದುವವರು ಒಂದು ವಿಷಯ ಮರೆಯಬಾರದು. 1900ರಿಂದ ಅವರು ಸೆವ್ರ್ ಎಂಬ ಊರಿನಲ್ಲಿ ಶಿಕ್ಷಕಿಯರನ್ನು ತಯಾರು ಮಾಡುವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ಪ್ರಯೋಗ ಮಾಡಿಸಿಯೇ ಕಲಿಸುತ್ತಿದ್ದರು. ಪೊಲೋನಿಯಂ, ರೇಡಿಯಂ ಎರಡನ್ನೂ ಪತಿ ಪಿಯರೆ ಅವರೊಂದಿಗೆ 1898ರಲ್ಲೇ ಗುರುತಿಸಿದ್ದರು. ಸೋರುವ ಶೆಡ್ಡಿನಲ್ಲಿ ಟನ್ನುಗಟ್ಟಲೆ ಅದಿರಿನ ಗಸಿಯನ್ನು ಕುದಿಸಿ, ಕಬ್ಬಿಣದ ಸರಳಿನಿಂದ ತಿರುವಿ, 1902ರಲ್ಲಿ ಅವರಿಗೆ ಸಿಕ್ಕಿದ್ದು ಗ್ರಾಂನ ಹತ್ತನೇ ಒಂದು ಭಾಗ ರೇಡಿಯಂ ಲವಣ. ಪಿಯರೆ ಅದನ್ನು ತೋಳಿಗೆ ಕಟ್ಟಿಕೊಂಡು ನೋಡಿದರು. ಚರ್ಮ ಸುಟ್ಟು ಹುಣ್ಣಾಯಿತು. ಕೆಟ್ಟ ಗೆಡ್ಡೆಗಳನ್ನು ಇದರಿಂದ ಸುಡಬಹುದು ಎಂಬ ಚಿಕಿತ್ಸೆಯ ದಾರಿ ತೆರೆದದ್ದು ಇಂಥ ಹುಣ್ಣುಗಳಿಂದಲೇ. ಅದೇ ಕಿರಣ ಗಟ್ಟಿಮುಟ್ಟಾದವರನ್ನೂ ಒಳಗೊಳಗೇ ಸುಡುತ್ತದೆ ಎಂದು ಒಪ್ಪಿಕೊಳ್ಳಲು ಬಹಳ ವರ್ಷ ಹಿಡಿಯಿತು. 1906ರಲ್ಲಿ ಪಿಯರೆ ಕುದುರೆ ಗಾಡಿಗೆ ಸಿಕ್ಕಿ ತೀರಿಕೊಂಡರು.

ಮೊದಲ ಮಹಾಯುದ್ಧದಲ್ಲಿ ಮೇರಿ ಎಕ್ಸ್‌ರೇ ಗಾಡಿಗಳನ್ನು ಕಟ್ಟಿಸಿ ತಾವೇ ರಣರಂಗದ ಹತ್ತಿರಕ್ಕೆ ಓಡಿಸಿದರು. ಮಗಳು ಐರೀನ್ ಜೊತೆಗಿದ್ದಳು. ಸರಿಯಾದ ರಕ್ಷಣೆ ಇರಲಿಲ್ಲ. 1920ರ ದಶಕದಲ್ಲಿ ಕಣ್ಣಿಗೆ ಪೊರೆ ಬಂದು ಹಲವು ಶಸ್ತ್ರಚಿಕಿತ್ಸೆಗಳಾದವು. ಸಹಾಯಕರಿಗೆ ಸೀಸದ ಮರೆ, ರಕ್ತಪರೀಕ್ಷೆ ಎಂದು ನಿಯಮ ಮಾಡಿದ ಅವರೇ ತಮ್ಮ ವಿಷಯದಲ್ಲಿ ಅದನ್ನು ಅಷ್ಟಾಗಿ ಪಾಲಿಸಲಿಲ್ಲ. ದಣಿವಿಗೆ ಒಂದಷ್ಟು ಶುದ್ಧ ಗಾಳಿ ಸಾಕೆಂದು ಭಾವಿಸಿದ್ದರು. ನನಗೆ ಇದು ಧೈರ್ಯ ಅನ್ನಿಸುವುದಿಲ್ಲ, ತಾವು ಹೆತ್ತ ಕೂಸಿನ ಮೇಲೆ ತಪ್ಪು ಹೊರಿಸಲಾರದ ತಾಯಿಯ ಕುರುಡು ಅನ್ನಿಸುತ್ತದೆ. 1934ರಲ್ಲಿ ವೈದ್ಯರು ಮೊದಲು ಕ್ಷಯವೆಂದು ತಿಳಿದು ಬೆಟ್ಟದ ಮೇಲಿನ ಆರೋಗ್ಯಧಾಮಕ್ಕೆ ಕಳಿಸಿದರು. ಆಮೇಲೆ ತಿಳಿಯಿತು, ಮೂಳೆಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿತ್ತು. ಜುಲೈ 4ರಂದು ಹೋದರು.

ಇಲ್ಲಿ ಹಲಗೆಯ ಮೇಲೆ ಮೆಣಸಿನ ಸಸಿಮಡಿಯ ಚಿತ್ರ ಬರೆದೆ. ಬ್ಯಾಡಗಿ ಸೀಮೆಯ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮಜ್ಜೆ ಎಂದರೆ ರಕ್ತಕಣಗಳ ಸಸಿಮಡಿ. ಬೇಗ ಬೇಗ ಒಡೆದು ಬೆಳೆಯುವ ಎಳೆಯ ಕಣಗಳನ್ನೇ ವಿಕಿರಣ ಮೊದಲು ಕೊಲ್ಲುತ್ತದೆ. ಕೆಲ ವಾರಗಳಲ್ಲಿ ಬಿಳಿ ರಕ್ತಕಣ ಕುಸಿದು ಸೋಂಕು ಹತ್ತುತ್ತದೆ, ಕಿರುಬಿಲ್ಲೆಗಳು ಕುಸಿದು ರಕ್ತ ಸೋರುತ್ತದೆ. ಮೇರಿಯವರ ಮಡಿ ಮೂವತ್ತಕ್ಕೂ ಹೆಚ್ಚು ವರ್ಷ ನಿಧಾನವಾಗಿ ಒಣಗಿತು. ಒಂದೇ ಸಲಕ್ಕೆ ಭಾರಿ ಪ್ರಮಾಣ ತಗುಲಿದರೆ ಅದೇ ತೀವ್ರ ವಿಕಿರಣ ಕಾಯಿಲೆ.

ಅಂಥದ್ದು 1958ರ ಅಕ್ಟೋಬರಿನಲ್ಲಿ ಯುಗೋಸ್ಲಾವಿಯಾದ ವಿಂಚಾ ಎಂಬಲ್ಲಿ ಆಯಿತು. ರಿಯಾಕ್ಟರು ಹತೋಟಿ ತಪ್ಪಿ ಆರು ಜನರಿಗೆ ವಿಕಿರಣ ತಗುಲಿತು. ಅವರನ್ನು ಒಯ್ದದ್ದು ಪ್ಯಾರಿಸ್ಸಿಗೆ, ಕ್ಯೂರಿ ಹೆಸರಿನ ಆಸ್ಪತ್ರೆಗೇ. ಜಾರ್ಜ್ ಮಾಥೆ ಎಂಬ ವೈದ್ಯರು ಐವರಿಗೆ ಬೇರೆಯವರ ಮಜ್ಜೆಯನ್ನು ತಂದು ಹಾಕಿದರು, ಒಂದು ಮಡಿಯ ಸಸಿಯನ್ನು ಇನ್ನೊಂದು ಹೊಲಕ್ಕೆ ನಾಟಿ ಮಾಡಿದಂತೆ. ಮಜ್ಜೆ ಕೊಟ್ಟವರು ಅವರ ನಂಟರಲ್ಲ, ದೇಶದವರೂ ಅಲ್ಲ. ಒಬ್ಬರು ಉಳಿಯಲಿಲ್ಲ, ಉಳಿದವರು ಮನೆಗೆ ಹೋದರು. ಆ ಮಜ್ಜೆ ಬಹಳ ಕಾಲ ನಿಲ್ಲಲಿಲ್ಲ, ಕ್ರಮೇಣ ಅವರದೇ ಮಜ್ಜೆ ಚಿಗುರಿತು. ಹಾಗಾಗಿ ನಾಟಿಯಿಂದ ಆದ ಉಪಕಾರ ಎಷ್ಟು ಎಂಬ ಬಗ್ಗೆ ವೈದ್ಯರಲ್ಲಿ ಒಮ್ಮತವಿಲ್ಲ. ಈಗ ಇಂಥ ರೋಗಿಗೆ ಮೊದಲು ಕೊಡುವುದು ಸೋಂಕು ತಡೆಯುವ ಔಷಧಿ, ರಕ್ತ, ಮತ್ತು ಮಜ್ಜೆಯನ್ನು ಎಬ್ಬಿಸುವ ಚುಚ್ಚುಮದ್ದು.

ನಮ್ಮ ರಾಜ್ಯದಲ್ಲೂ ಈ ಕೆಲಸ ನಡೆದಿದೆ ಎಂದು ಹೇಳಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು ತುಳಸಿ ಎಲೆಯ ಸತ್ವವನ್ನು ಮೊದಲೇ ಕೊಟ್ಟ ಇಲಿಗಳು ವಿಕಿರಣವನ್ನು ಹೆಚ್ಚು ತಾಳಿಕೊಳ್ಳುವುದನ್ನು ಕಂಡರು. ತುಳಸಿ ಎಂದೊಡನೆ ತರಗತಿ ಗದ್ದಲವಾಯಿತು. ಹಾಗಾದರೆ ದಿನಾ ನಾಲ್ಕು ಎಲೆ ತಿಂದರೆ ಸಾಕಲ್ಲ ಎಂದ ಒಬ್ಬ. ಅದು ಇಲಿಗಳ ಮೇಲಿನ ಪ್ರಯೋಗ, ಮನುಷ್ಯರಿಗೆ ಇನ್ನೂ ಔಷಧಿಯಾಗಿ ಬಂದಿಲ್ಲ ಎಂದು ಹಲಗೆಯ ಮೇಲೆ ಬರೆದು ಕೆಳಗೆ ಗೆರೆ ಎಳೆದೆ. ಪ್ರಶ್ನೆ ಕೇಳಿದ್ದ ಹುಡುಗಿ ಅದನ್ನೂ, 1934ರ ಮುಂದೆ ಕಾಯಿಲೆಯ ಹೆಸರನ್ನೂ ಬರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಗಂಟೆ ಹೊಡೆಯಿತು.