ಬಾಗಿಲು ತೆರೆಯಲು ಹೊರಟ ಧರ್ಮಗುರು

ಮುಂಡಗೋಡು, ಬೈಲಕುಪ್ಪೆಗಳ ಕಡೆ ಹೋಗಿಬಂದ ನಮ್ಮ ಭಕ್ತರು ಅಲ್ಲಿನ ಟಿಬೆಟನ್ನರನ್ನೂ ಅವರ ಗೋವಿನಜೋಳದ ಹೊಲಗಳನ್ನೂ ನೋಡಿರುತ್ತಾರೆ. ಆ ಜನ ತಾಯ್ನಾಡು ತೊರೆದುದೇಕೆ ಎಂದು ಕೇಳಿದರೆ, ಹದಿಮೂರನೆಯ ದಲಾಯಿ ಲಾಮಾ ತುಬ್ತೆನ್ ಗ್ಯಾತ್ಸೊ ಅವರ ಚರಿತ್ರೆಯನ್ನು ನಾವು ತಿಳಿಯಬೇಕಾಗುತ್ತದೆ.

1876ರಲ್ಲಿ ಒಂದು ರೈತ ಮನೆತನದಲ್ಲಿ ಅವರು ಜನಿಸಿದರು. ಎರಡು ವರ್ಷದ ಕೂಸಾಗಿದ್ದಾಗಲೇ ಪೀಠಕ್ಕೆ ಗುರುತಿಸಲ್ಪಟ್ಟು, 1895ರಲ್ಲಿ ರಾಜ್ಯಭಾರ ವಹಿಸಿಕೊಂಡರು. ಟಿಬೆಟಿನಲ್ಲಿ ಪೀಠವೇ ಸಿಂಹಾಸನ, ಗುರುವೇ ಅರಸ. ಪರದೇಶದವರು ಬಂದರೆ ಧರ್ಮ ಕೆಡುವುದೆಂದು ಆ ಸರ್ಕಾರ ಗಡಿ ಮುಚ್ಚಿತ್ತು. ಆದರೂ ಉಣ್ಣೆ ಹೊರಗೆ ಹೋಗುತ್ತಿತ್ತು, ಚೀನದ ಚಹಾ ಒಳಗೆ ಬರುತ್ತಿತ್ತು. ನಿಂತಿದ್ದು ಸರಕಲ್ಲ, ತಿಳಿವಳಿಕೆ.

ಭಾರತವನ್ನಾಳುತ್ತಿದ್ದ ಇಂಗ್ಲಿಷರಿಗೆ ಅಲ್ಲಿ ವ್ಯಾಪಾರ ಬೇಕಿತ್ತು. ವೈಸರಾಯ್ ಕರ್ಜನ್ ಬರೆದ ಪತ್ರಗಳನ್ನು ಗುರುಗಳು ಒಡೆಯದೆ ಹಿಂದಿರುಗಿಸಿದರು. 1904ರಲ್ಲಿ ಪತ್ರದ ಬದಲು ಸೈನ್ಯವೇ ಬಂತು. ನೂರಾರು ಟಿಬೆಟನ್ನರು ಮಡಿದರು. ಗ್ಯಾಂಟ್ಸೆ, ಗಾರ್ಟೋಕ್‌ಗಳಲ್ಲಿ ವ್ಯಾಪಾರದ ಪೇಟೆ ತೆರೆಯಬೇಕೆಂದೂ 75 ಲಕ್ಷ ರೂಪಾಯಿ ದಂಡ ತೆರಬೇಕೆಂದೂ ಒಪ್ಪಂದವಾಯಿತು. ದಂಡವನ್ನು ಮುಂದೆ 25 ಲಕ್ಷಕ್ಕೆ ಇಳಿಸಿದರು. ಅಷ್ಟರಲ್ಲಿ ಗುರುಗಳು ಮಂಗೋಲಿಯಾದ ದಾರಿ ಹಿಡಿದಿದ್ದರು.

1910ರಲ್ಲಿ ಚೀನದ ಸೈನ್ಯ ಲ್ಹಾಸಾಕ್ಕೆ ನುಗ್ಗಿದಾಗ ಅವರು ಆಶ್ರಯಕ್ಕಾಗಿ ಬಂದದ್ದು ಅದೇ ಇಂಗ್ಲಿಷರ ಡಾರ್ಜಿಲಿಂಗಿಗೆ. ರೈಲು, ತಂತಿ, ಕಲ್ಕತ್ತೆಯ ಪೇಟೆ ಎಲ್ಲವನ್ನೂ ಕಣ್ಣಾರೆ ಕಂಡರು. 1913ರಲ್ಲಿ ಲ್ಹಾಸಾಕ್ಕೆ ಮರಳಿದವರು ಹಳೆಯ ಗುರುಗಳಾಗಿರಲಿಲ್ಲ. ಚೀನದ ಹಂಗಿಲ್ಲವೆಂದು ಸಾರಿದರು. ಅಂಚೆಚೀಟಿ, ಕಾಗದದ ನೋಟು ತಂದರು. ನಾಲ್ವರು ಹುಡುಗರನ್ನು ಇಂಗ್ಲೆಂಡಿಗೆ ಓದಲು ಕಳಿಸಿದರು. ಅವರಲ್ಲೊಬ್ಬ ಮರಳಿ ಬಂದು ಲ್ಹಾಸಾದಲ್ಲಿ ವಿದ್ಯುದ್ದೀಪ ಉರಿಸಿದ. 1922ರಲ್ಲಿ ರಾಜಧಾನಿಗೆ ತಂತಿ ಬಂತು. 1923ರಲ್ಲಿ ಗ್ಯಾಂಟ್ಸೆಯಲ್ಲಿ ಇಂಗ್ಲಿಷ್ ಶಾಲೆ ತೆರೆಯಿತು.

ಆದರೆ ಸೈನ್ಯಕ್ಕೆ ಹಣ ಬೇಕು, ಹಣಕ್ಕೆ ಮಠಗಳ ಜಮೀನಿನ ಮೇಲೆ ಕರ ಬೇಕು. ಸೇರಾ, ಡ್ರೆಪುಂಗ್, ಗಾಂಡೆನ್ ಎಂಬ ಮಹಾಮಠಗಳು ಇದಕ್ಕೆ ಒಲಿಯಲಿಲ್ಲ. ದೇವರ ದೀಪದ ತುಪ್ಪ ಬಂದೂಕಿಗೆ ಹೋಗುತ್ತದೆ, ಮಕ್ಕಳು ಪರಧರ್ಮ ಕಲಿಯುತ್ತಾರೆ ಎಂಬುದು ಅವರ ಅಂಜಿಕೆ. ಆ ಅಂಜಿಕೆಯನ್ನು ನಾವು ಹಗುರವಾಗಿ ಕಾಣಲಾರೆವು. ಗುರುಗಳೂ ಅದಕ್ಕೆ ಮಣಿದರು. 1926ರಲ್ಲಿ ಶಾಲೆ ಮುಚ್ಚಿತು. ಹೊಸ ಪದ್ಧತಿಯ ಸೇನಾಧಿಕಾರಿಗಳು ಹುದ್ದೆ ಕಳೆದುಕೊಂಡರು. ಎಚ್ಚರ ತಪ್ಪಿದರೆ ಮಠವೂ ಉಳಿಯದು, ರಾಜ್ಯವೂ ಉಳಿಯದು ಎಂದು 1932ರಲ್ಲಿ ಬರೆದಿಟ್ಟು, 1933ರ ಡಿಸೆಂಬರ್ 17ರಂದು ಅವರು ದೇಹ ಬಿಟ್ಟರು.

1950ರಲ್ಲಿ ಚೀನದ ಸೈನ್ಯ ಮತ್ತೆ ಬಂತು. ಟಿಬೆಟ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಜಗತ್ತು ಆ ವಿಚಾರವನ್ನು ಮುಂದೂಡಿತು. ಬಳಕೆಯಿಲ್ಲದ ಮನೆಯ ಕೂಗು ನೆರೆಗೆ ಕೇಳುವುದು ಕಷ್ಟ. 1959ರಲ್ಲಿ ಹದಿನಾಲ್ಕನೆಯ ದಲಾಯಿ ಲಾಮಾ ಭಾರತಕ್ಕೆ ಬಂದರು. ಆಗಿನ ಮೈಸೂರು ರಾಜ್ಯ ಟಿಬೆಟನ್ನರಿಗೆ ನೆಲ ಕೊಟ್ಟಿತು. 2011ರಲ್ಲಿ ಅವರು ರಾಜ್ಯಾಧಿಕಾರವನ್ನು ಚುನಾಯಿತರ ಕೈಗೊಪ್ಪಿಸಿ ಗುರುಸ್ಥಾನವನ್ನು ಮಾತ್ರ ಉಳಿಸಿಕೊಂಡರು.

ಅಂದು ಶಾಲೆ ಬೇಡವೆಂದ ಆ ಮಹಾಮಠಗಳು ಮತ್ತೆ ತಲೆಯೆತ್ತಿದ್ದು ನಮ್ಮ ನೆಲದಲ್ಲಿಯೇ: ಸೇರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮುಂಡಗೋಡಿನಲ್ಲಿ. ಪರದೇಶದವರೂ ಇಂದು ಅಲ್ಲಿಗೆ ಬರುತ್ತಾರೆ. ಬಾಗಿಲು ತೆರೆದ ಮೇಲೂ ಅಲ್ಲಿ ದೀಪ ಆರಿಲ್ಲ. ಆ ಕಡೆ ಹೋದಾಗ ಭಕ್ತರು ಒಂದು ಗಳಿಗೆ ನಿಂತು ಇದನ್ನು ನೆನೆಯಲಿ ಎಂಬುದು ನಮ್ಮ ಆಶಯ.