ಹಂಗಾಮಿ ಉಪಾಧ್ಯಾಯ ಗ್ರೆಗರ್ ಮೆಂಡೆಲ್

ಪಾಠ ಹೇಳುವುದು ಪ್ರೌಢಶಾಲೆಯ ಉಪಾಧ್ಯಾಯರ ಕೆಲಸ, ಸಂಶೋಧನೆ ನಡೆಸುವುದು ವಿಶ್ವವಿದ್ಯಾನಿಲಯದ ಪಂಡಿತರ ಕೆಲಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪ್ರೌಢಶಾಲೆಯ ಉಪಾಧ್ಯಾಯರನ್ನು ಸಸ್ಯವಿಜ್ಞಾನದ ಸಂಶೋಧನಾ ಕಮ್ಮಟಗಳಿಗೆ ಕರೆದು, ಅವರ ಕೈಯಿಂದಲೇ ಪ್ರಯೋಗ ಮಾಡಿಸಬೇಕೆಂದರೆ, ಅದರಿಂದೇನು ಪ್ರಯೋಜನವೆಂದು ಕೇಳುವವರುಂಟು. ಅಂಥವರಿಗೆ ಒಬ್ಬ ಉಪಾಧ್ಯಾಯನ ಬಾಳೇ ಉತ್ತರ ಹೇಳುತ್ತದೆ. ಅವನೇ ಅನುವಂಶೀಯತೆಯ ನಿಯಮಗಳನ್ನು ಕಂಡುಹಿಡಿದ ಗ್ರೆಗರ್ ಮೆಂಡೆಲ್.

೧೮೨೨ರ ಜುಲೈ ತಿಂಗಳಲ್ಲಿ, ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಹೈನ್‌ಜೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಅವನು ಹುಟ್ಟಿದನು. ಆ ಊರು ಈಗ ಚೆಕ್ ಗಣರಾಜ್ಯದಲ್ಲಿದೆ. ಹೆತ್ತವರು ಇಟ್ಟ ಹೆಸರು ಯೋಹಾನ್. ತಂದೆ ಆಂಟನ್ ಬಡ ರೈತ. ವಾರಕ್ಕೆ ಮೂರು ದಿನ ಜಮೀನ್ದಾರನ ಬಿಟ್ಟಿ ದುಡಿಮೆ, ಉಳಿದ ದಿನಗಳಲ್ಲಿ ಸ್ವಂತ ಹೊಲದ ಕೆಲಸ. ೧೮೩೮ರಲ್ಲಿ ಮರದ ದಿಮ್ಮಿ ಮೇಲೆ ಬಿದ್ದು ಆತನ ದೇಹ ಜರ್ಝರಿತವಾಯಿತು. ಒಬ್ಬನೇ ಮಗ ಓದು ಬಿಟ್ಟು ನೇಗಿಲು ಹಿಡಿಯಬೇಕಾಗಿತ್ತು. ಯೋಹಾನನು ಮಾತ್ರ ಇತರರಿಗೆ ಪಾಠ ಹೇಳಿಕೊಟ್ಟು, ಅರೆಹೊಟ್ಟೆಯಲ್ಲಿ ಓದು ಮುಂದುವರಿಸಿದನು. ಕೊನೆಗೆ ಕಿರಿಯ ತಂಗಿ ತೆರೇಸಿಯಾ ತನ್ನ ಮದುವೆಗೆಂದು ತೆಗೆದಿರಿಸಿದ್ದ ಪಾಲಿನಲ್ಲಿ ಒಂದಂಶವನ್ನು ಅಣ್ಣನ ಓದಿಗೆ ಬಿಟ್ಟುಕೊಟ್ಟಳು.

ಅನ್ನದ ಚಿಂತೆಯಿಲ್ಲದೆ ಓದುವ ದಾರಿ ಅವನಿಗೆ ಒಂದೇ ಕಂಡಿತು. ೧೮೪೩ರಲ್ಲಿ ಬ್ರುನ್ ನಗರದ ಸಂತ ಥಾಮಸ್ ಮಠವನ್ನು ಸೇರಿದನು. ಗ್ರೆಗರ್ ಎಂಬುದು ಮಠ ಕೊಟ್ಟ ಹೆಸರು. ರೋಗಿಗಳ ಹಾಸಿಗೆಯ ಬಳಿ ನಿಂತು ಸಾಂತ್ವನ ಹೇಳುವ ಪಾದ್ರಿಯ ಕೆಲಸ ಅವನ ಮೃದು ಹೃದಯಕ್ಕೆ ಒಗ್ಗಲಿಲ್ಲ. ಅವರ ನೋವನ್ನು ಕಂಡು ತಾನೇ ಕಾಯಿಲೆ ಬೀಳುತ್ತಿದ್ದನು. ಇದನ್ನರಿತ ಮಠಾಧಿಪತಿ ನಾಪ್ ಅವರು ೧೮೪೯ರಲ್ಲಿ ಅವನನ್ನು ಜ್ನೈಮ್ ಊರಿನ ಪ್ರೌಢಶಾಲೆಗೆ ಹಂಗಾಮಿ ಉಪಾಧ್ಯಾಯನಾಗಿ ಕಳುಹಿಸಿದರು. ಅಲ್ಲಿ ಅವನು ಒಳ್ಳೆಯ ಉಪಾಧ್ಯಾಯನೆನಿಸಿಕೊಂಡನು.

ಕಾಯಂ ಆಗಲು ಅರ್ಹತಾ ಪರೀಕ್ಷೆ ಆಗಬೇಕು. ೧೮೫೦ರಲ್ಲಿ ಪರೀಕ್ಷೆಗೆ ಕುಳಿತು ಅನುತ್ತೀರ್ಣನಾದನು. ನಾಪ್ ಅವರು ಕೈಬಿಡದೆ ಅವನನ್ನು ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಎರಡು ವರ್ಷ, ಡಾಪ್ಲರನಿಂದ ಭೌತವಿಜ್ಞಾನದ ಪ್ರಯೋಗಕ್ರಮವನ್ನೂ ಉಂಗರನಿಂದ ಸಸ್ಯಶಾಸ್ತ್ರವನ್ನೂ ಕಲಿತನು. ೧೮೫೪ರಿಂದ ಬ್ರುನ್ನಿನ ಪ್ರೌಢಶಾಲೆಯೊಂದರಲ್ಲಿ ಪಾಠ. ೧೮೫೬ರಲ್ಲಿ ಮತ್ತೆ ಪರೀಕ್ಷೆ. ಆಗಲೂ ಯಶಸ್ಸು ದೊರೆಯಲಿಲ್ಲ. ಹದಿನಾಲ್ಕು ವರ್ಷವೂ ಅವನು ಹಂಗಾಮಿಯಾಗಿಯೇ ಉಳಿದನು.

ಆದರೆ ಆ ೧೮೫೬ರಲ್ಲಿಯೇ ಅವನ ನಿಜವಾದ ಪರೀಕ್ಷೆ ಮಠದ ಹಿತ್ತಲಿನಲ್ಲಿ ಆರಂಭವಾಗಿತ್ತು. ಮೂವತ್ತನಾಲ್ಕು ಬಗೆಯ ಬಟಾಣಿಯನ್ನು ಎರಡು ವರ್ಷ ಬೆಳೆದುನೋಡಿ ಇಪ್ಪತ್ತೆರಡನ್ನು ಆರಿಸಿಕೊಂಡಿದ್ದನು. ಬೀಜದ ಆಕಾರ, ಬಣ್ಣ, ಗಿಡದ ಎತ್ತರ ಮೊದಲಾದ ಏಳು ಲಕ್ಷಣಗಳನ್ನಷ್ಟೇ ಗಮನಕ್ಕೆ ತೆಗೆದುಕೊಂಡನು. ಮೊಗ್ಗನ್ನು ಬಿಡಿಸಿ, ಕೇಸರಗಳನ್ನು ಚಿಮಟದಿಂದ ಕಿತ್ತು, ಬೇರೆ ಗಿಡದ ಪರಾಗವನ್ನು ಸವರಿ, ಹೂವಿಗೆ ಚೀಲ ಕಟ್ಟುತ್ತಿದ್ದನು. ಎಂಟು ವರ್ಷಗಳಲ್ಲಿ ಬೆಳೆದ ಗಿಡಗಳು ಸುಮಾರು ಇಪ್ಪತ್ತೆಂಟು ಸಾವಿರ. ದುಂಡು ಬೀಜದ ಗಿಡವನ್ನೂ ಸುಕ್ಕು ಬೀಜದ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಅವುಗಳ ಮುಂದಿನ ಪೀಳಿಗೆಯಲ್ಲಿ ೫೪೭೪ ದುಂಡು, ೧೮೫೦ ಸುಕ್ಕು. ಹೆಚ್ಚು ಕಡಿಮೆ ಮೂರಕ್ಕೆ ಒಂದು. ಅಳಿದುಹೋಯಿತೆಂದು ತೋರಿದ ಗುಣ ಅಳಿದಿರಲಿಲ್ಲ, ಅಡಗಿತ್ತು. ತಂದೆತಾಯಿಯರ ಗುಣಗಳು ಹಾಲು ನೀರಿನಂತೆ ಬೆರೆಯುವುದಿಲ್ಲ, ಬಿಡಿಬಿಡಿಯಾಗಿ ಮಕ್ಕಳಿಗೆ ಬರುತ್ತವೆ ಎಂಬುದನ್ನು ಅವನು ಎಣಿಸಿ ತೋರಿಸಿದನು.

೧೮೬೫ರ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ಊರಿನ ನಿಸರ್ಗವಿಜ್ಞಾನ ಸಂಘದ ಮುಂದೆ ಇದನ್ನು ಓದಿದನು. ಮರುವರ್ಷ ಲೇಖನ ಅಚ್ಚಾಯಿತು. ಅದರ ಮಹತ್ವ ಯಾರಿಗೂ ಹೊಳೆಯಲಿಲ್ಲ. ಮ್ಯೂನಿಕ್ಕಿನ ಪ್ರಸಿದ್ಧ ಸಸ್ಯಶಾಸ್ತ್ರಜ್ಞ ನೇಗೆಲಿಯೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸಿದರೂ ಆತನಿಗೆ ಮನವರಿಕೆಯಾಗಲಿಲ್ಲ. ೧೮೬೮ರಲ್ಲಿ ಮೆಂಡೆಲನು ಮಠಾಧಿಪತಿಯಾದನು; ಶಾಲೆಯನ್ನು ಬಿಡಬೇಕಾಯಿತು. ಮಠದ ಮೇಲಿನ ತೆರಿಗೆಯ ವಿವಾದದಲ್ಲಿ ಕಡೆಯ ವರ್ಷಗಳು ಸವೆದವು. ತಂಗಿಯ ಋಣವನ್ನು ಮಾತ್ರ ಮರೆಯಲಿಲ್ಲ. ಅವಳ ಗಂಡುಮಕ್ಕಳ ಓದಿಗೆ ನೆರವಾದನು. ಅವರಲ್ಲಿಬ್ಬರು ವೈದ್ಯರಾದರು. ೧೮೮೪ರ ಜನವರಿ ೬ರಂದು ಅವನು ತೀರಿಕೊಂಡಾಗ ಊರಿನವರು ಒಬ್ಬ ಸಜ್ಜನ ಮಠಾಧಿಪತಿಯನ್ನು ಕಳೆದುಕೊಂಡೆವೆಂದು ಮರುಗಿದರು. ಹದಿನಾರು ವರ್ಷಗಳ ಮೇಲೆ, ೧೯೦೦ರಲ್ಲಿ, ಡಿ ವ್ರೀಸ್, ಕೋರೆನ್ಸ್, ಚೆರ್ಮಾಕ್ ಎಂಬ ಮೂವರು ತಮ್ಮ ತಮ್ಮ ಪ್ರಯೋಗಗಳ ನಡುವೆ ಅವನ ಲೇಖನವನ್ನು ಕಂಡರು. ತಳಿವಿಜ್ಞಾನವೆಂಬ ಹೊಸ ಶಾಸ್ತ್ರಕ್ಕೆ ಅದು ಬುನಾದಿಯಾಯಿತು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನನ್ನ ಶುಲ್ಕಕ್ಕಾಗಿ ಮನೆಯಲ್ಲಿ ಯಾರು ಏನನ್ನು ಬಿಟ್ಟುಕೊಟ್ಟರೆಂಬುದು ನನಗೆ ಗೊತ್ತು. ಆದುದರಿಂದ ತೆರೇಸಿಯಾಳ ಕಥೆ ನನಗೆ ದೂರದ ದೇಶದ್ದೆಂದು ತೋರುವುದಿಲ್ಲ. ನಮ್ಮಲ್ಲಿ ಅನೇಕರು ನಾಳೆ ಹಳ್ಳಿಯ ಶಾಲೆಗಳಿಗೆ ಉಪಾಧ್ಯಾಯರಾಗಿ ಹೋಗುವವರು. ಶಾಲೆಯ ಹಿಂದೆ ಒಂದು ಪಾತಿ ನೆಲ, ಒಂದು ಹಿಡಿ ಬೀಜ, ಎಣಿಸುವ ತಾಳ್ಮೆ ಇದ್ದರೆ ಪ್ರಕೃತಿಯನ್ನು ಪ್ರಶ್ನೆ ಕೇಳಬಹುದು. ಉಪಾಧ್ಯಾಯರಿಗೆ ಏರ್ಪಡುವ ಕಮ್ಮಟಗಳು ಕಲಿಸಬೇಕಾದುದು ಈ ಕೇಳುವ ಬಗೆಯನ್ನೇ. ತಾನು ಕೇಳಿ ತಿಳಿದವನು ಹೇಳುವ ಪಾಠಕ್ಕೂ ಪುಸ್ತಕ ನೋಡಿ ಹೇಳುವ ಪಾಠಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಾದ ನಾವು ಚೆನ್ನಾಗಿ ಬಲ್ಲೆವು.